ಚಿತ್ರಹಿಂಸೆಯ ಲಕ್ಷಣವಾಕ್ಯ: ಒಂದು ವಿಮರ್ಶೆ

1984ನೆಯ ಇಸವಿ ಡಿಸೆಂಬರ್ 10ನೆಯ ತಾರೀಖು ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಚಿತ್ರಹಿಂಸಾವಿರೋಧಿ ಒಡಂಬಡಿಕೆಯ ಮೊದಲನೆಯ ವಿಧಿ ಒಂದು ಲಕ್ಷಣವಾಕ್ಯ. ನಮ್ಮ ತರಗತಿಗಳಲ್ಲಿ ಲಕ್ಷಣವೆಂದೊಡನೆ ಕಾವ್ಯಲಕ್ಷಣವೇ ನೆನಪಿಗೆ ಬರುವುದು ವಾಡಿಕೆಯಾಗಿದೆ; ಆದರೆ ಲಕ್ಷಣವನ್ನು ಪರೀಕ್ಷಿಸುವ ಕ್ರಮ ಮೂಲತಃ ತರ್ಕಶಾಸ್ತ್ರದ್ದು, ಮತ್ತು ಅದು ಯಾವ ಲಕ್ಷಣವಾಕ್ಯಕ್ಕಾದರೂ ಸಲ್ಲತಕ್ಕದ್ದು. ಲಕ್ಷ್ಯದ ಒಂದು ಭಾಗವನ್ನು ಹೊರಗೆ ಬಿಟ್ಟರೆ ಅವ್ಯಾಪ್ತಿ. ಲಕ್ಷ್ಯವಲ್ಲದ್ದನ್ನೂ ಒಳಗೊಂಡರೆ ಅತಿವ್ಯಾಪ್ತಿ. ಲಕ್ಷ್ಯದಲ್ಲಿ ಎಲ್ಲಿಯೂ ಇಲ್ಲದ್ದನ್ನು ಹೇಳಿದರೆ ಅಸಂಭವ. ಹಸುವೆಂದರೆ ಕಪಿಲವರ್ಣದ್ದು ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ. ಕೊಂಬುಳ್ಳದ್ದು ಎಂದರೆ ಎಮ್ಮೆಯೂ ಒಳಕ್ಕೆ ಬರುತ್ತದೆ. ಒಂಟಿಗೊರಸಿನದು ಎಂದರೆ ಒಂದು ಹಸುವೂ ಸಿಕ್ಕುವುದಿಲ್ಲ. ಹಸುವಿನ ವಿಷಯದಲ್ಲಿ ಈ ದೋಷಗಳಿಂದ ಯಾರಿಗೂ ಹಾನಿಯಿಲ್ಲ. ಚಿತ್ರಹಿಂಸೆಯ ವಿಷಯದಲ್ಲಿ ಅವ್ಯಾಪ್ತಿ ಎಂದರೆ, ಬೀಗ ಹಾಕಿದ ಕೊಠಡಿಯಲ್ಲಿ ಒಬ್ಬ ಮನುಷ್ಯ ಅನುಭವಿಸಿದ್ದಕ್ಕೆ ಹೆಸರೇ ಇಲ್ಲದಂತಾಗುವುದು. ಮೇಲಿನ ಒಡಂಬಡಿಕೆಯ ವಾಕ್ಯವನ್ನು ಈ ದೃಷ್ಟಿಯಿಂದ ಪರೀಕ್ಷಿಸಿ, ಅದೇ ಕಾಲದಲ್ಲಿ ಹುಟ್ಟಿಯೂ ಲಕ್ಷಣವನ್ನು ಆಶ್ರಯಿಸದೆ ನಡೆದ ಇನ್ನೊಂದು ಪ್ರಯತ್ನದ ಪಕ್ಕದಲ್ಲಿ ಅದನ್ನಿಟ್ಟು ನೋಡುವುದು ಪ್ರಕೃತ ಲೇಖನದ ಉದ್ದೇಶ.

ಕನ್ನಡದಲ್ಲಿ ಈ ಲಕ್ಷ್ಯಕ್ಕೆ ನಾವು ಬಳಸುವ ಪದವೇ ವಿಚಾರಕ್ಕೆ ತಕ್ಕದ್ದಾಗಿದೆ. ಚಿತ್ರಹಿಂಸೆ ಎಂಬಲ್ಲಿ ಚಿತ್ರವೆಂದರೆ ಬಗೆಬಗೆಯಾದದ್ದು, ವಿಚಿತ್ರವಾದದ್ದು ಎಂಬ ಹಳೆಯ ಅರ್ಥ. ಕೌಟಿಲ್ಯನ ಅರ್ಥಶಾಸ್ತ್ರದ ಕಂಟಕಶೋಧನವೆಂಬ ನಾಲ್ಕನೆಯ ಅಧಿಕರಣದಲ್ಲಿ ವಧದಂಡವನ್ನು ಶುದ್ಧವೆಂದೂ ಚಿತ್ರವೆಂದೂ ವಿಂಗಡಿಸಿದೆ; ಯಾತನೆಯಿಲ್ಲದೆ ಕೊಲ್ಲುವುದು ಶುದ್ಧ, ಯಾತನೆಪಡಿಸಿ ಕೊಲ್ಲುವುದು ಚಿತ್ರ. 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಿಂದ ಪ್ರಕಟಿಸಿದ ಈ ಗ್ರಂಥದ ಅದೇ ಅಧಿಕರಣದ ಎಂಟನೆಯ ಅಧ್ಯಾಯಕ್ಕೆ ವಾಕ್ಯಕರ್ಮಾನುಯೋಗವೆಂದು ಹೆಸರು. ಮಾತಿನಿಂದ ವಿಚಾರಿಸುವುದು ವಾಕ್ಯ. ದೇಹದಂಡನೆಯಿಂದ ವಿಚಾರಿಸುವುದು ಕರ್ಮ. ಅಲ್ಲಿ ಕರ್ಮದ ಬಗೆಗಳು 18. ಕೋಲು, ಚಾವಟಿ, ಮೇಲಕ್ಕೆ ಕಟ್ಟಿ ತೂಗಿಸುವುದು, ನೀರಿನ ನಾಳ ಮುಂತಾದವುಗಳನ್ನು ಲೆಕ್ಕಹಾಕಿ ಹೇಳಿದೆ. ಗರ್ಭಿಣಿ, ಬಾಣಂತಿ, ಬಾಲಕ, ವೃದ್ಧ, ರೋಗಿ ಮೊದಲಾದವರಿಗೆ ಅದು ಸಲ್ಲದೆಂದೂ, ದಿನ ಬಿಟ್ಟು ದಿನ ಒಂದೊಂದನ್ನೇ ನಡೆಸಬೇಕೆಂದೂ, ಮಿತಿಮೀರಿದ ಅಧಿಕಾರಿಗೆ ದಂಡವುಂಟೆಂದೂ ಕಟ್ಟುಪಾಡುಗಳಿವೆ. ಅದೇ ಅಧ್ಯಾಯದಲ್ಲಿಯೇ ಅಣಿಮಾಂಡವ್ಯನ ಉದಾಹರಣೆ ಬರುತ್ತದೆ: ಕಳ್ಳನಲ್ಲದವನೂ ಯಾತನೆಯ ಭಯದಿಂದ ತಾನು ಕಳ್ಳನೆಂದು ಒಪ್ಪಿಕೊಂಡುಬಿಟ್ಟನು. ನೋವಿನಿಂದ ಸತ್ಯ ಹೊರಬರುವುದೆಂಬ ನಂಬಿಕೆ ಸುಳ್ಳಾಗಬಹುದೆಂದು ಗ್ರಂಥಕಾರನು ಬಲ್ಲನು. ಬಲ್ಲವನಾಗಿಯೂ ಪಟ್ಟಿಯನ್ನು ಕೈಬಿಡಲಿಲ್ಲ. ಮಿತಿಯನ್ನು ನಿಗದಿಮಾಡಿದ ವಾಕ್ಯವು ಆ ಮಿತಿಯವರೆಗೆ ಅನುಮತಿಯನ್ನೂ ಕೊಟ್ಟಂತಾಯಿತು. ಈ ಇಕ್ಕಟ್ಟು ಪ್ರಾಚೀನ ಗ್ರಂಥಕ್ಕೆ ಮಾತ್ರ ಸೇರಿದ್ದೆಂದು ತಿಳಿಯಬಾರದು. ಮುಂದೆ ಅದು ಬೇರೆ ಉಡುಪಿನಲ್ಲಿ ನಮಗೆ ಎದುರಾಗುತ್ತದೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬಂದ ಮೊದಲ ಘೋಷಣೆಗಳು ನಿಷೇಧಿಸಿದುವೇ ಹೊರತು ಲಕ್ಷಣ ಹೇಳಲಿಲ್ಲ. 1948ರ ಮಾನವ ಹಕ್ಕುಗಳ ವಿಶ್ವಘೋಷಣೆಯ ಐದನೆಯ ವಿಧಿ, 1950ರ ಯೂರೋಪಿನ ಒಡಂಬಡಿಕೆಯ ಮೂರನೆಯ ವಿಧಿ, 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ ಏಳನೆಯ ವಿಧಿ, ಇವೆಲ್ಲ ಹೆಚ್ಚುಕಡಿಮೆ ಒಂದೇ ಧಾಟಿಯವು: ಯಾರನ್ನೂ ಚಿತ್ರಹಿಂಸೆಗಾಗಲಿ, ಅಮಾನುಷವೂ ಹೀನಾಯವೂ ಆದ ವರ್ತನೆಗಾಗಲಿ, ದಂಡನೆಗಾಗಲಿ ಗುರಿಪಡಿಸಕೂಡದು. ಯೂರೋಪಿನ ಮೂರನೆಯ ವಿಧಿಯಂತೂ ಒಂದೇ ವಾಕ್ಯ. ಮಿಕ್ಕ ಅನೇಕ ವಿಧಿಗಳಲ್ಲಿ ಕಾಣುವ ‘ಆದರೆ’, ‘ಹೊರತು’ ಎಂಬ ಮಾತುಗಳು ಇದರಲ್ಲಿಲ್ಲ. ಯುದ್ಧದಲ್ಲಾಗಲಿ ತುರ್ತುಪರಿಸ್ಥಿತಿಯಲ್ಲಾಗಲಿ ಇದನ್ನು ಅಮಾನತಿನಲ್ಲಿಡಲು ಬರುವುದಿಲ್ಲ. ಶಾಸನದ ಗದ್ಯದಲ್ಲಿ ಇಷ್ಟು ಗಟ್ಟಿಯಾದ ವಾಕ್ಯಗಳು ವಿರಳ.

ಆ ವಾಕ್ಯಕ್ಕೆ ಬಂದ ಮೊದಲ ದೊಡ್ಡ ಪರೀಕ್ಷೆಯಲ್ಲಿ ಲಕ್ಷಣವಿಲ್ಲದ್ದರಿಂದ ಕೊರತೆಯೇನೂ ಕಾಣಲಿಲ್ಲ. 1967ರ ಏಪ್ರಿಲ್ 21ರಂದು ಗ್ರೀಸಿನಲ್ಲಿ ಸೈನ್ಯಾಧಿಕಾರಿಗಳು ಆಡಳಿತವನ್ನು ಹಿಡಿದರು. ಅದೇ ವರ್ಷ ಡೆನ್ಮಾರ್ಕ್, ನಾರ್ವೆ, ಸ್ವೀಡನ್, ನೆದರ್ಲೆಂಡ್ಸ್ ದೇಶಗಳು ಗ್ರೀಸಿನ ವಿರುದ್ಧ ಯೂರೋಪಿನ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟುವು. ತಮ್ಮ ಪ್ರಜೆಗಳಲ್ಲದವರ ನೋವಿಗಾಗಿ ಸರಕಾರಗಳು ಹೀಗೆ ವ್ಯಾಜ್ಯ ಹೂಡುವುದು ಅಪರೂಪ. ಆಯೋಗವು 1969ರಲ್ಲಿ ಚಿತ್ರಹಿಂಸೆ ನಡೆದಿದೆಯೆಂದು ನಿರ್ಣಯಿಸಿತು. ಆ ವರ್ಷದ ಡಿಸೆಂಬರ್ 12ರಂದು ಗ್ರೀಸು ಯೂರೋಪ್ ಪರಿಷತ್ತಿನಿಂದ ಹೊರನಡೆಯಿತು. ಸೈನ್ಯದ ಆಡಳಿತ ಬಿದ್ದ 1974ರಲ್ಲಿ ಅದು ಮತ್ತೆ ಸೇರಿತು.

ಲಕ್ಷಣದ ತೊಡಕು ಹುಟ್ಟಿದ್ದು ಮುಂದಿನ ವ್ಯಾಜ್ಯದಲ್ಲಿ. ಅದು ಸೈನ್ಯಾಡಳಿತದ ವಿರುದ್ಧ ಹೂಡಿದ್ದಲ್ಲ. ಒಂದು ಹಳೆಯ ಪ್ರಜಾಪ್ರಭುತ್ವದ ವಿರುದ್ಧ ಹೂಡಿದ್ದು. 1971ರ ಆಗಸ್ಟ್ ತಿಂಗಳಲ್ಲಿ ಉತ್ತರ ಐರ್ಲೆಂಡಿನಲ್ಲಿ ವಿಚಾರಣೆಯಿಲ್ಲದೆ ಬಂಧಿಸಿಡುವ ಕ್ರಮ ಜಾರಿಗೆ ಬಂತು. ಬಂಧಿತರಲ್ಲಿ 14 ಮಂದಿಯನ್ನು ಆರಿಸಿ ‘ಆಳವಾದ ವಿಚಾರಣೆ’ಗೆ ಒಳಪಡಿಸಿದರು. ಗೋಡೆಗೆ ಬೆರಳುಗಳನ್ನೂರಿ ಕಾಲುಗಳನ್ನು ಹಿಂದಕ್ಕೆ ಸರಿಸಿ ಗಂಟೆಗಟ್ಟಲೆ ನಿಲ್ಲಿಸುವುದು, ತಲೆಗೆ ಕಪ್ಪು ಚೀಲ ಹಾಕುವುದು, ಎಡೆಬಿಡದ ಭೋರ್ಗರೆತವನ್ನು ಕೇಳಿಸುವುದು, ನಿದ್ದೆ ತಪ್ಪಿಸುವುದು, ಅನ್ನನೀರು ಕಡಿಮೆಮಾಡುವುದು: ಇವೇ ಮುಂದೆ ‘ಐದು ಕ್ರಮಗಳು’ ಎಂದು ಹೆಸರಾದುವು. ಇವುಗಳಿಗೆ ಲಿಖಿತ ಆಜ್ಞೆ ಎಲ್ಲಿಯೂ ಇರಲಿಲ್ಲ. 1971ರ ಏಪ್ರಿಲ್‌ನಲ್ಲಿ ನಡೆದ ಒಂದು ಶಿಬಿರದಲ್ಲಿ ಇವನ್ನು ಪೋಲೀಸಿನವರಿಗೆ ಬಾಯಿಮಾತಿನಲ್ಲಿ ಕಲಿಸಲಾಯಿತು. ಕೌಟಿಲ್ಯನು ಪಟ್ಟಿಮಾಡಿ ಬರೆದನು. ಇವರು ಬರೆಯದೆ ಕಲಿಸಿದರು. ಬರೆಯದಿರುವುದರಲ್ಲಿ ಒಂದು ಬಗೆಯ ನಾಚಿಕೆಯೂ ಇತ್ತೆನ್ನಬೇಕು. ವಿಷಯ ಹೊರಬಿದ್ದ ಮೇಲೆ ಬ್ರಿಟಿಷ್ ಸರಕಾರ ಮೂವರ ಸಮಿತಿಯನ್ನು ನೇಮಿಸಿತು. ಬಹುಮತದ ಇಬ್ಬರು ತಕ್ಕ ಎಚ್ಚರಿಕೆಯೊಡನೆ ಈ ಕ್ರಮಗಳನ್ನು ಬಳಸಬಹುದೆಂದರು. ಲಾರ್ಡ್ ಗಾರ್ಡಿನರ್ ಒಬ್ಬರೇ ಕೂಡದೆಂದರು. 1972ರ ಮಾರ್ಚ್‌ನಲ್ಲಿ ಪ್ರಧಾನಿ ಹೀತ್ ಅಲ್ಪಮತಕ್ಕೆ ಒಪ್ಪಿ ಐದು ಕ್ರಮಗಳನ್ನೂ ನಿಲ್ಲಿಸಿದುದಾಗಿ ಸಾರಿದರು.

ಐರ್ಲೆಂಡ್ ಸರಕಾರ ಹೂಡಿದ್ದ ವ್ಯಾಜ್ಯದಲ್ಲಿ ಯೂರೋಪಿನ ಆಯೋಗವು 1976ರಲ್ಲಿ ಒಮ್ಮತದಿಂದ, ಈ ಐದೂ ಕ್ರಮಗಳು ಒಟ್ಟಾಗಿ ಚಿತ್ರಹಿಂಸೆಯೇ ಎಂದಿತು. ನ್ಯಾಯಾಲಯವು 1978ರ ಜನವರಿ 18ರಂದು 13 ಮತಗಳಿಗೆ 4 ಮತಗಳಂತೆ, ಅಲ್ಲ ಎಂದಿತು. ಅವು ಅಮಾನುಷವೂ ಹೌದು, ಹೀನಾಯವೂ ಹೌದು, ಚಿತ್ರಹಿಂಸೆಯಲ್ಲ. ಕಾರಣವೇನೆಂದರೆ ಚಿತ್ರಹಿಂಸೆ ಎಂಬ ಪದಕ್ಕೆ ಒಂದು ವಿಶೇಷ ಕಳಂಕ ಅಂಟಿಕೊಂಡಿದೆ. ಬಹು ತೀವ್ರವೂ ಕ್ರೂರವೂ ಆದ ಯಾತನೆಗೆ ಮಾತ್ರ ಅದನ್ನು ಮೀಸಲಿಡಬೇಕು. ಈ ತೀರ್ಪಿನಿಂದ ಬ್ರಿಟನ್ನು ನಿರ್ದೋಷಿಯಾಗಲಿಲ್ಲ. ಮೂರನೆಯ ವಿಧಿ ಭಂಗವಾಯಿತೆಂಬುದರಲ್ಲಿ ನ್ಯಾಯಾಲಯಕ್ಕೆ ಸಂದೇಹವಿರಲಿಲ್ಲ. ಹಾಗಿದ್ದರೂ ಒಂದು ವಾಕ್ಯದಲ್ಲಿ ಸಮಾನವಾಗಿ ನಿಷಿದ್ಧವಾಗಿದ್ದವುಗಳ ನಡುವೆ ಈಗ ಮೇಲುಕೀಳುಗಳು ಹುಟ್ಟಿದುವು. ಶಾಸನಕಾರರು ಅಲ್ಪವಿರಾಮದಿಂದ ಜೋಡಿಸಿದ್ದನ್ನು ನ್ಯಾಯಾಧೀಶರು ಏಣಿಯ ಮೆಟ್ಟಿಲುಗಳಾಗಿ ಓದಿದರು. ಏಣಿ ಒಮ್ಮೆ ನಿಂತಿತೆಂದರೆ ಯಾವ ಮೆಟ್ಟಿಲಿನವರೆಗೆ ಹತ್ತಬಹುದೆಂದು ಕೇಳುವವರು ಹುಟ್ಟಿಕೊಳ್ಳುತ್ತಾರೆ.

ಭಿನ್ನಾಭಿಪ್ರಾಯ ಬರೆದವರಲ್ಲಿ ಎವ್ರಿಗೆನಿಸ್ ಎಂಬ ಗ್ರೀಕ್ ನ್ಯಾಯಾಧೀಶರಿದ್ದುದು ಗಮನಾರ್ಹ. ಹೊಸ ಕಾಲದ ಚಿತ್ರಹಿಂಸೆ ಮೈಮೇಲೆ ಗುರುತು ಬಿಡುವುದಿಲ್ಲ, ಹಳೆಯ ಸಾಧನಗಳ ನೋವಿಗೂ ಇದಕ್ಕೂ ಹೋಲಿಕೆ ಕಡಿಮೆ, ಇದರ ಗುರಿ ಮನುಷ್ಯನ ಮನಸ್ಸು ಎಂಬುದು ಅವರ ವಾದದ ಸಾರ. ಬಹುಮತದ ನ್ಯಾಯಾಧೀಶರು ಹಳೆಯ ಚಿತ್ರಪಟವನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಸ ವಸ್ತುವನ್ನು ಅಳೆದರೆಂದು ನಮಗೂ ತೋರುತ್ತದೆ. ಮುಂದೆ 1999ರ ಸೆಲ್ಮೌನಿ ಪ್ರಕರಣದಲ್ಲಿ ಅದೇ ನ್ಯಾಯಾಲಯವು, ಹಿಂದೆ ಅಮಾನುಷವೆಂದಷ್ಟೇ ಕರೆದದ್ದನ್ನು ಮುಂದೆ ಚಿತ್ರಹಿಂಸೆಯೆಂದು ಕರೆಯಬಹುದೆಂದು ಹೇಳಿ ತನ್ನ ಅಳತೆಗೋಲನ್ನು ಬದಲಿಸಿಕೊಂಡಿತು. ಆದರೆ 1978ರ ತೀರ್ಪನ್ನು ಪುನಃ ಪರಿಶೀಲಿಸಬೇಕೆಂಬ ಐರ್ಲೆಂಡಿನ ಕೋರಿಕೆಯನ್ನು 2018ರಲ್ಲಿ ನಿರಾಕರಿಸಿತು. 2021ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವೇ, ಇಂದಿನ ಮಾನದಂಡದಂತೆ ಆ ಕ್ರಮಗಳನ್ನು ಚಿತ್ರಹಿಂಸೆಯೆಂದೇ ಪರಿಗಣಿಸುವ ಸಂಭವವಿದೆಯೆಂದಿತು. ಐವತ್ತು ವರ್ಷಗಳ ಮೇಲೆ ಹೆಸರು ದೊರೆಯಿತು ಎನ್ನಬಹುದು, ಅದೂ ಸಂಭಾವನಾರೂಪದಲ್ಲಿ.

1984ರ ಲಕ್ಷಣವಾಕ್ಯವನ್ನು ಈ ಹಿನ್ನೆಲೆಯಲ್ಲಿ ಓದತಕ್ಕದ್ದು. 1973ರ ಸೆಪ್ಟೆಂಬರ್‌ನಲ್ಲಿ ಚಿಲಿಯಲ್ಲಿ ನಡೆದ ಕ್ಷಿಪ್ರಕ್ರಾಂತಿ, ಅದಕ್ಕೆ ಮುಂಚೆಯೇ ಆಮ್ನೆಸ್ಟಿ ಸಂಸ್ಥೆ ಕೈಗೊಂಡಿದ್ದ ಪ್ರಚಾರ, 1975ರ ಮಹಾಸಭೆಯ ಘೋಷಣೆ, 1978ರಲ್ಲಿ ಸ್ವೀಡನ್ ಮಂಡಿಸಿದ ಕರಡು, ಇವುಗಳ ವಿವರಕ್ಕೆ ಇಲ್ಲಿ ಹೋಗುವುದಿಲ್ಲ. ಸಿದ್ಧವಾದ ವಾಕ್ಯದಲ್ಲಿ ನಾಲ್ಕು ಅಂಗಗಳಿವೆ. ದೈಹಿಕವೋ ಮಾನಸಿಕವೋ ಆದ ನೋವು ತೀವ್ರವಾಗಿರಬೇಕು. ಅದನ್ನು ಬೇಕೆಂದೇ ಉಂಟುಮಾಡಿರಬೇಕು. ಮಾಹಿತಿ ಅಥವಾ ತಪ್ಪೊಪ್ಪಿಗೆ ಪಡೆಯುವುದು, ದಂಡಿಸುವುದು, ಬೆದರಿಸುವುದು, ಬಲಾತ್ಕರಿಸುವುದು, ಭೇದಭಾವ ಇಂಥ ಒಂದು ಉದ್ದೇಶವಿರಬೇಕು. ಸರಕಾರಿ ಅಧಿಕಾರಿಯ ಕೈ, ಪ್ರೇರಣೆ, ಸಮ್ಮತಿ ಅಥವಾ ಮೌನಾನುಮತಿ ಅದರಲ್ಲಿರಬೇಕು. ಕೊನೆಯಲ್ಲಿ ಒಂದು ಬಾಲವಾಕ್ಯ: ಕಾನೂನುಬದ್ಧವಾದ ಶಿಕ್ಷೆಗಳಿಂದಲೇ ಹುಟ್ಟುವ, ಅವುಗಳಲ್ಲಿ ಸಹಜವಾಗಿ ಸೇರಿದ ನೋವು ಇದರಲ್ಲಿ ಸೇರದು.

ಈ ವಾಕ್ಯದ ಗುಣಗಳನ್ನು ಮೊದಲು ಹೇಳುವುದು ನ್ಯಾಯ. ಮಾನಸಿಕ ನೋವನ್ನು ದೈಹಿಕ ನೋವಿನ ಜೊತೆಗೆ ಸರಿಸಮನಾಗಿ ನಿಲ್ಲಿಸಿದ್ದು ಒಂದು ಗುಣ. ಮೌನಾನುಮತಿ ಎಂಬ ಪದವನ್ನು ಸೇರಿಸಿದ್ದು ಅದಕ್ಕಿಂತಲೂ ದೊಡ್ಡ ಗುಣ. ಪಕ್ಕದ ಕೋಣೆಯಲ್ಲಿ ಕುಳಿತು ಕಡತ ನೋಡುತ್ತಿದ್ದ ಮೇಲಧಿಕಾರಿಯನ್ನು ಅದು ವಾಕ್ಯದೊಳಕ್ಕೆ ಎಳೆದುಕೊಂಡು ಬರುತ್ತದೆ. ಎರಡನೆಯ ವಿಧಿಯು ಯುದ್ಧ, ಯುದ್ಧಭೀತಿ, ಒಳಗಿನ ಅಶಾಂತಿ ಯಾವುದನ್ನೂ ನೆಪವಾಗಿ ಒಪ್ಪುವುದಿಲ್ಲ. ಮೇಲಿನವರ ಆಜ್ಞೆಯೆಂಬುದನ್ನೂ ಒಪ್ಪುವುದಿಲ್ಲ. ಹದಿನೈದನೆಯ ವಿಧಿಯಂತೆ ಚಿತ್ರಹಿಂಸೆಯಿಂದ ಪಡೆದ ಹೇಳಿಕೆ, ಚಿತ್ರಹಿಂಸೆ ಮಾಡಿದವನ ವಿರುದ್ಧ ಹೊರತು, ಸಾಕ್ಷ್ಯವಾಗಲಾರದು. ಅಣಿಮಾಂಡವ್ಯನ ಕಥೆಯಿಂದ ಹೊರಡಬಹುದಾಗಿದ್ದ ತೀರ್ಮಾನ ಇದೇ.

ದೋಷಗಳಲ್ಲಿ ಬಾಲವಾಕ್ಯ ಎದ್ದುಕಾಣುವಂಥದು. ಕೊರಡೆಯೇಟನ್ನೂ ಅಂಗಚ್ಛೇದವನ್ನೂ ಕಾನೂನಿನಲ್ಲಿ ಬರೆದಿಟ್ಟುಕೊಂಡ ರಾಷ್ಟ್ರ ಈ ಬಾಗಿಲಿನಿಂದ ಹೊರಗೆ ಹೋಗಲು ಯತ್ನಿಸಬಹುದು. ಆದರೆ ಇದು ಎಲ್ಲರಿಗೂ ಕಾಣುವ ದೋಷವಾದ್ದರಿಂದ ವಿದ್ವಾಂಸರು ಇದರ ಮೇಲೆ ಸಾಕಷ್ಟು ಬರೆದಿದ್ದಾರೆ. ಹೆಚ್ಚು ಅಪಾಯದ್ದು ‘ತೀವ್ರ’ ಎಂಬ ಒಂದು ವಿಶೇಷಣ. ನೋವಿಗೆ ಅಳತೆಯಿಲ್ಲ, ಅಳತೆಯಿಲ್ಲದ್ದಕ್ಕೆ ಅಳತೆಸೂಚಕವಾದ ವಿಶೇಷಣವನ್ನು ಹಚ್ಚಿದರೆ, ಅಳೆಯುವ ಅಧಿಕಾರ ನೋವುಂಡವನ ಕೈಯಿಂದ ಓದುವವನ ಕೈಗೆ ಹೋಗುತ್ತದೆ.

ಅದಕ್ಕೆ ನಿದರ್ಶನವಾಗಿ 2002ರ ಆಗಸ್ಟ್ 1ರಂದು ಅಮೆರಿಕದ ನ್ಯಾಯಾಂಗ ಇಲಾಖೆಯ ಕಚೇರಿಯೊಂದು ಬರೆದುಕೊಟ್ಟ ಟಿಪ್ಪಣಿಯನ್ನು ನೋಡಬಹುದು. ಜೇ ಬೈಬೀ ಎಂಬ ಅಧಿಕಾರಿ ಅದಕ್ಕೆ ರುಜು ಹಾಕಿದರು. ಒಡಂಬಡಿಕೆಯನ್ನನುಸರಿಸಿ ಅಮೆರಿಕ ಮಾಡಿಕೊಂಡಿದ್ದ ಕಾನೂನಿನಲ್ಲಿ ‘ತೀವ್ರ ನೋವು’ ಎಂದರೇನೆಂಬುದು ಅಲ್ಲಿಯ ಪ್ರಶ್ನೆ. ಅಂಗಗಳು ಕೆಲಸ ನಿಲ್ಲಿಸುವಾಗ, ದೇಹದ ವ್ಯಾಪಾರ ಕೆಡುವಾಗ, ಅಥವಾ ಸಾಯುವಾಗ ಉಂಟಾಗುವ ನೋವಿಗೆ ಸಮಾನವಾದದ್ದು ಎಂಬುದು ಉತ್ತರ. ಈ ಅಳತೆ ಎಲ್ಲಿಂದ ಬಂತೆಂದು ಹುಡುಕಿದವರಿಗೆ ಸಿಕ್ಕಿದ್ದು ವೈದ್ಯಕೀಯ ಸೌಲಭ್ಯಗಳ ಕಾನೂನು: ತುರ್ತುಚಿಕಿತ್ಸೆಗೆ ಯಾರು ಅರ್ಹರೆಂದು ನಿರ್ಧರಿಸಲು ಬರೆದಿದ್ದ ಮಾತುಗಳವು. ರೋಗಿಗೆ ಚಿಕಿತ್ಸೆ ದೊರಕಿಸಲು ಹುಟ್ಟಿದ ವಾಕ್ಯವನ್ನು ಬಂದಿಗೆ ಎಷ್ಟು ನೋವು ಕೊಡಬಹುದೆಂಬ ಲೆಕ್ಕಕ್ಕೆ ತಂದರು. ಪದಾರ್ಥನಿರ್ಣಯದಲ್ಲಿ ಪ್ರಕರಣವನ್ನು ಬಿಟ್ಟು ಪದವನ್ನು ಮಾತ್ರ ಹಿಡಿಯಬಾರದೆಂದು ನಮ್ಮ ವ್ಯಾಖ್ಯಾನಕಾರರು ಎಚ್ಚರಿಸುವುದು ಇಂಥದಕ್ಕೇ. ಆ ಟಿಪ್ಪಣಿಯು 1978ರ ಐರ್ಲೆಂಡ್ ತೀರ್ಪನ್ನೂ ತನ್ನ ನೆರವಿಗೆ ಕರೆಯಿತು. ಅದೇ ದಿನದ ಇನ್ನೊಂದು ಟಿಪ್ಪಣಿ ಹತ್ತು ಕ್ರಮಗಳಿಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಗೋಡೆಗೆ ನಿಲ್ಲಿಸುವುದೂ ನಿದ್ದೆ ತಪ್ಪಿಸುವುದೂ ಇದ್ದುವು, ಉಸಿರುಗಟ್ಟುವಂತೆ ಮುಖದ ಮೇಲೆ ನೀರು ಸುರಿಯುವುದೂ ಇತ್ತು. ಕೌಟಿಲ್ಯನ ಪಟ್ಟಿಯಲ್ಲಿ ನೀರಿನ ನಾಳ ಇದ್ದುದನ್ನು ವಾಚಕರು ನೆನೆಯಬಹುದು. ಮೊದಲ ಟಿಪ್ಪಣಿ 2004ರ ಜೂನ್‌ನಲ್ಲಿ ಬಹಿರಂಗವಾಯಿತು. ಸರಕಾರ ಅದನ್ನು ಅದೇ ತಿಂಗಳು ಹಿಂತೆಗೆದುಕೊಂಡಿತು. ಟಿಪ್ಪಣಿಕಾರರು ಒಡಂಬಡಿಕೆಯನ್ನು ಧಿಕ್ಕರಿಸಲಿಲ್ಲವೆಂಬುದೇ ಇಲ್ಲಿ ಮುಖ್ಯವಾದ ಸಂಗತಿ. ಅವರು ಅದರ ಲಕ್ಷಣವಾಕ್ಯವನ್ನು ಓದಿದರು, ಬಹಳ ಶ್ರದ್ಧೆಯಿಂದ ಓದಿದರು. ಅದರ ಹೊರಗೆ ಎಷ್ಟು ಸ್ಥಳವಿದೆಯೆಂದು ಅಳೆಯುವುದಕ್ಕಾಗಿ ಓದಿದರು.

ಇನ್ನು ಎರಡನೆಯ ಪ್ರಯತ್ನದ ವಿಚಾರ. ಝಾಂ ಜಾಕ್ ಗೋತಿಯೆ ಎಂಬವರು ಜಿನೀವಾ ನಗರದ ಬ್ಯಾಂಕಿನ ಒಡೆಯರು, ನ್ಯಾಯಶಾಸ್ತ್ರ ಓದಿದವರು. ಚಿತ್ರಹಿಂಸೆಯನ್ನು ತಡೆಯಲು ಯಾವ ಉಪಾಯ ನಿಜವಾಗಿ ಫಲಕೊಟ್ಟಿದೆಯೆಂದು ಅವರು ವಿಚಾರಮಾಡಿದಾಗ ಕಣ್ಣಿಗೆ ಬಿದ್ದದ್ದು ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯವರು ಸೆರೆಮನೆಗಳಿಗೆ ಕೊಡುತ್ತಿದ್ದ ಭೇಟಿಗಳು. 1977ರಲ್ಲಿ ಅವರು ಇದಕ್ಕಾಗಿಯೇ ಒಂದು ಸಮಿತಿಯನ್ನು ಸ್ಥಾಪಿಸಿದರು. ಅವರ ಯೋಚನೆ ಸರಳವಾದದ್ದು: ಹೊರಗಿನವರು ಯಾವಾಗ ಬೇಕಾದರೂ ಒಳಗೆ ಬರಬಹುದೆಂದು ತಿಳಿದ ಕಡೆ ಚಿತ್ರಹಿಂಸೆ ನಡೆಯುವುದು ಕಷ್ಟ. ಅವರ ಯೋಜನೆಯನ್ನು 1980ರಲ್ಲಿ ಕೋಸ್ಟಾರಿಕಾ ದೇಶ ವಿಶ್ವಸಂಸ್ಥೆಯ ಮುಂದಿಟ್ಟಿತು. ಅಲ್ಲಿ ಅದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕುಳಿತಿತು. ಈ ನಡುವೆ ಯೂರೋಪ್ ಪರಿಷತ್ತು ಅದನ್ನು ಎತ್ತಿಕೊಂಡು 1987ರ ನವೆಂಬರ್ 26ರಂದು ಒಂದು ಒಡಂಬಡಿಕೆಯನ್ನು ಮಾಡಿತು. 1989ರ ಫೆಬ್ರವರಿಯಲ್ಲಿ ಅದು ಜಾರಿಗೆ ಬಂದು, ಮುಂದಿನ ವರ್ಷ ಅದರ ಸಮಿತಿ ಮೊದಲ ಭೇಟಿಯನ್ನು ಆಸ್ಟ್ರಿಯಾಕ್ಕೆ ಕೊಟ್ಟಿತು.

1987ರ ಈ ಒಡಂಬಡಿಕೆಯಲ್ಲಿ ಚಿತ್ರಹಿಂಸೆಯ ಲಕ್ಷಣವಿಲ್ಲ. ಇದು ಮರೆವಿನಿಂದ ಆದದ್ದಲ್ಲ. ನ್ಯಾಯನಿರ್ಣಯ ಸಮಿತಿಯ ಕೆಲಸವಲ್ಲವೆಂದು ಅದನ್ನು ರಚಿಸಿದವರು ಸ್ಪಷ್ಟವಾಗಿ ತಿಳಿದಿದ್ದರು. ಅದರ ಬದಲು ಬಾಗಿಲುಗಳ ವಿಷಯವಿದೆ. ಸರಕಾರದ ಅಧಿಕಾರದಿಂದ ಜನರನ್ನು ಬಂಧಿಸಿಟ್ಟಿರುವ ಯಾವ ಸ್ಥಳಕ್ಕಾದರೂ ಹೋಗಬಹುದು, ಒಳಗೆ ಅಡೆತಡೆಯಿಲ್ಲದೆ ಸಂಚರಿಸಬಹುದು, ಬಂಧಿತರೊಡನೆ ಏಕಾಂತದಲ್ಲಿ ಮಾತನಾಡಬಹುದು. ಲಕ್ಷಣ ನೋವಿನಿಂದ ಸ್ಥಳಕ್ಕೆ ಸರಿಯಿತೆಂದು ಹೇಳಬಹುದು. ಸ್ಥಳದ ವಿಷಯದಲ್ಲಿ ತೀವ್ರತೆಯ ಪ್ರಶ್ನೆ ಏಳುವುದಿಲ್ಲ, ಉದ್ದೇಶದ ಪ್ರಶ್ನೆಯೂ ಏಳುವುದಿಲ್ಲ. ಮನೋರೋಗಿಗಳ ಆಸ್ಪತ್ರೆಯಲ್ಲಿ ಯಾರೂ ಬೇಕೆಂದು ಮಾಡದ, ಬರೀ ಅಲಕ್ಷ್ಯದಿಂದ ಬೆಳೆದ ಅಮಾನುಷತೆಯೂ ಸಂದರ್ಶಕನ ಕಣ್ಣಿಗೆ ಬೀಳುತ್ತದೆ. ಸಮಿತಿಯ ವರದಿಗಳ ಭಾಷೆ ಇದಕ್ಕೆ ತಕ್ಕಂತೆ ಬೇರೆಯೇ ಆಗಿದೆ. ಹಲವರಿರುವ ಕೊಠಡಿಯಲ್ಲಿ ಒಬ್ಬೊಬ್ಬರಿಗೆ ಕನಿಷ್ಠ 4 ಚದರ ಮೀಟರ್ ಸ್ಥಳ. ಬಂಧಿಸಿದ ಸುದ್ದಿಯನ್ನು ಮನೆಯವರಿಗೆ ತಿಳಿಸುವುದು, ವಕೀಲ ಮತ್ತು ವೈದ್ಯರ ನೆರವು ಬಂಧನದ ಮೊದಲ ಗಳಿಗೆಯಿಂದಲೇ ದೊರೆಯುವುದು, ಹೀಗೆ. ಚಿತ್ರಹಿಂಸೆಯೆಂಬ ದೊಡ್ಡ ಪದ ಅವುಗಳಲ್ಲಿ ಅಪರೂಪ.

ಅಪರೂಪವಾಗಿ ಬಂದಾಗ ಅದು ಹೇಗೆ ಬರುತ್ತದೆಂಬುದಕ್ಕೆ 1992ರ ಡಿಸೆಂಬರ್ 15ರ ಬಹಿರಂಗ ಹೇಳಿಕೆಯನ್ನು ನೋಡಬೇಕು. ಸಹಕರಿಸದ ರಾಷ್ಟ್ರದ ವಿಷಯದಲ್ಲಿ ಮೌನ ಮುರಿಯುವ ಅಧಿಕಾರವನ್ನು ಸಮಿತಿ ಮೊತ್ತಮೊದಲು ಬಳಸಿದ್ದು ಅಂದು, ಟರ್ಕಿಯ ವಿಷಯದಲ್ಲಿ. ಅಂಕಾರಾದ ಪೋಲೀಸ್ ಕಚೇರಿಯ ಒಂದು ಕೋಣೆ. ಬಾಗಿಲ ಮೇಲೆ ವಿಚಾರಣೆಯ ಕೋಣೆಯೆಂಬ ಫಲಕ. ಒಳಗೆ ಎಂಟು ಪಟ್ಟಿಗಳನ್ನು ಜೋಡಿಸಿದ ತಗ್ಗಾದ ಮಂಚ. ವಿದ್ಯುತ್ತಿನ ಆಘಾತ ಕೊಡುವಾಗ ತಮ್ಮನ್ನು ಕಟ್ಟುತ್ತಿದ್ದರೆಂದು ಬಂಧಿತರು ವರ್ಣಿಸಿದ್ದ ಮಂಚಕ್ಕೂ ಇದಕ್ಕೂ ವ್ಯತ್ಯಾಸವಿರಲಿಲ್ಲ. ದಿಯಾರ್‌ಬಕಿರ್ ನಗರದಲ್ಲಿ ಮೂರು ಮೀಟರ್ ಉದ್ದದ ಮರದ ತೊಲೆ. ಭಾರ ತುಂಬಿದ ಕಡತದ ಬೀರುಗಳ ಮೇಲೆ ಅದನ್ನಿಟ್ಟು, ನಡುಭಾಗಕ್ಕೆ ಗಟ್ಟಿಯಾದ ಪಟ್ಟಿಯೊಂದನ್ನು ಬಿಗಿದಿದ್ದರು. ತೋಳು ಕಟ್ಟಿ ತೂಗುಹಾಕಲು ಸಿದ್ಧವಾಗಿತ್ತು. ಇಲ್ಲಿ ನೋವಿನ ತೀವ್ರತೆಯನ್ನು ಕುರಿತು ಒಂದು ಮಾತೂ ಬೇಕಾಗಲಿಲ್ಲ. ಪೀಠೋಪಕರಣಗಳ ವರ್ಣನೆಯಿಂದಲೇ ಗದ್ಯ ತನ್ನ ಕೆಲಸ ಮುಗಿಸಿತು. ಬೀರುಗಳ ತುಂಬ ಕಡತಗಳಿದ್ದರೂ ಇರಬಹುದು ಎಂದುಕೊಂಡಾಗ ಆ ವಾಕ್ಯ ಮತ್ತಷ್ಟು ಭಯಂಕರವಾಗುತ್ತದೆ.

ಕೋಸ್ಟಾರಿಕಾದ ಕರಡು ಕಡೆಗೆ 2002ರ ಡಿಸೆಂಬರ್ 18ರಂದು, ಮೇಲೆ ಹೇಳಿದ ಅಮೆರಿಕದ ಟಿಪ್ಪಣಿಯ ವರ್ಷದಲ್ಲಿಯೇ, ವಿಶ್ವಸಂಸ್ಥೆಯ ಐಚ್ಛಿಕ ಶಿಷ್ಟಾಚಾರಪತ್ರವಾಗಿ ಅಂಗೀಕೃತವಾಗಿ, 2006ರ ಜೂನ್ 22ರಂದು ಜಾರಿಗೆ ಬಂತು. ಅದರಂತೆ ಒಂದು ಅಂತರರಾಷ್ಟ್ರೀಯ ಉಪಸಮಿತಿಯೂ, ಪ್ರತಿಯೊಂದು ಸದಸ್ಯರಾಷ್ಟ್ರದಲ್ಲಿ ಒಂದು ಸ್ವತಂತ್ರ ನಿವಾರಣಾವ್ಯವಸ್ಥೆಯೂ ಭೇಟಿಗಳನ್ನು ನಡೆಸಬೇಕು. ಮೂಲ ಒಡಂಬಡಿಕೆಗೆ 170ಕ್ಕೂ ಹೆಚ್ಚು ರಾಷ್ಟ್ರಗಳು ಸೇರಿದ್ದರೆ ಇದಕ್ಕೆ ಸೇರಿದವು 90ಕ್ಕಿಂತ ಸ್ವಲ್ಪ ಹೆಚ್ಚು. ಖಂಡಿಸುವ ವಾಕ್ಯಕ್ಕೆ ರುಜು ಹಾಕುವುದಕ್ಕಿಂತ ಬೀಗದ ಕೈ ಕೊಡುವುದು ಕಷ್ಟವೆಂಬುದು ಈ ಅಂತರದಲ್ಲಿಯೇ ತಿಳಿಯುತ್ತದೆ.

ಈ ಎರಡನೆಯ ಮಾರ್ಗವನ್ನು ಬರಿದೆ ಹೊಗಳುವುದೂ ಸರಿಯಲ್ಲ. ವರದಿಗಳು ಗೋಪ್ಯ, ರಾಷ್ಟ್ರ ಒಪ್ಪಿದರೆ ಮಾತ್ರ ಪ್ರಕಟವಾಗುತ್ತವೆ. ಯೂರೋಪಿನ ಹಲವು ರಾಷ್ಟ್ರಗಳು ಒಪ್ಪುವ ಪದ್ಧತಿಯನ್ನಿಟ್ಟುಕೊಂಡಿವೆ. ರಷ್ಯಾ ತನ್ನನ್ನು ಕುರಿತ ವರದಿಗಳಲ್ಲಿ ಬಹುಭಾಗವನ್ನು ಪ್ರಕಟಿಸಗೊಡಲಿಲ್ಲ. ನೋಡಿದವರಿಗೆ ದಂಡಿಸುವ ಶಕ್ತಿಯಿಲ್ಲ. ಬಾಗಿಲು ತೆರೆಯದಿದ್ದರೆ ಹಿಂದಿರುಗುವುದೊಂದೇ ದಾರಿ. ಇದು ಸೈನ್ಯಾಡಳಿತದ ದೇಶಗಳಲ್ಲಿ ಮಾತ್ರ ಆಗುವುದೆಂದು ತಿಳಿಯಬೇಕಾಗಿಲ್ಲ: 2022ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲೆಂಡ್ ಸಂಸ್ಥಾನಗಳು ಪ್ರವೇಶ ನಿರಾಕರಿಸಿದ್ದರಿಂದ ಉಪಸಮಿತಿ ಭೇಟಿಯನ್ನು ತಡೆಹಿಡಿದು, 2023ರ ಫೆಬ್ರವರಿಯಲ್ಲಿ ಕೈಬಿಟ್ಟಿತು. ಹೀಗಿದ್ದರೂ ಎರಡು ಮಾರ್ಗಗಳ ಸೋಲಿನಲ್ಲಿ ಒಂದು ಭೇದವುಂಟು. ಲಕ್ಷಣ ಸೋತಾಗ ನಡೆದದ್ದು ಚಿತ್ರಹಿಂಸೆಯಲ್ಲವೆಂಬ ತೀರ್ಮಾನ ಉಳಿಯುತ್ತದೆ. ಭೇಟಿ ಸೋತಾಗ ಮುಚ್ಚಿದ ಬಾಗಿಲೊಂದು ಉಳಿಯುತ್ತದೆ, ಮತ್ತು ಅದು ಮುಚ್ಚಿದೆಯೆಂಬುದು ಎಲ್ಲರಿಗೂ ತಿಳಿಯುತ್ತದೆ.

ನಮ್ಮ ದೇಶದ ಸ್ಥಿತಿಯನ್ನು ಈ ಬೆಳಕಿನಲ್ಲಿ ನೋಡಬೇಕು. ಭಾರತವು 1997ರ ಅಕ್ಟೋಬರ್ 14ರಂದು ಮೂಲ ಒಡಂಬಡಿಕೆಗೆ ರುಜು ಹಾಕಿತು, ಸ್ಥಿರೀಕರಿಸಿಲ್ಲ. ಇಲ್ಲಿ ಈ ವಿಷಯದ ಲಿಖಿತ ವಿಚಾರಣೆ ಹೊಸದೇನಲ್ಲ. 1855ರಲ್ಲಿ ಮದರಾಸು ಸಂಸ್ಥಾನದ ಚಿತ್ರಹಿಂಸಾ ಆಯೋಗ ತನ್ನ ವರದಿಯನ್ನೊಪ್ಪಿಸಿತು. ಬಳ್ಳಾರಿಯೂ ಕನ್ನಡ ಜಿಲ್ಲೆಯೂ ಆಗ ಆ ಸಂಸ್ಥಾನಕ್ಕೆ ಸೇರಿದ್ದುವು. ಎರಡು ಕೋಲುಗಳ ನಡುವೆ ಬೆರಳನ್ನಿಟ್ಟು ಹಿಸುಕುವ ಕಿಟ್ಟಿ ಅಲ್ಲಿ ವರ್ಣಿತವಾಗಿದೆ. ಕಿಟ್ಟಿ ಎಂಬುದು ತಮಿಳಿಗೂ ಕನ್ನಡಕ್ಕೂ ಸಮಾನವಾದ ಪದ. ಪದ ನಿಘಂಟಿನಲ್ಲಿ ಉಳಿಯಬೇಕಾದರೆ ವಸ್ತು ಬಳಕೆಯಲ್ಲಿದ್ದಿರಬೇಕು. ಆ ದೂರುಗಳಲ್ಲಿ ಬಹಳಷ್ಟು ಕಂದಾಯ ವಸೂಲಿಗೆ ಸಂಬಂಧಿಸಿದವು: ರೈತನಿಂದ ಬೇಕಾಗಿದ್ದದ್ದು ತಪ್ಪೊಪ್ಪಿಗೆಯಲ್ಲ, ಹಣ. ಪೋಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಲ್ಲವೆಂಬ ನಿಯಮ 1861ರಲ್ಲಿ ದಂಡಪ್ರಕ್ರಿಯಾ ಸಂಹಿತೆಯೊಳಗೆ ಬಂದು, 1872ರಲ್ಲಿ ಸಾಕ್ಷ್ಯ ಕಾಯಿದೆಗೆ ಸೇರಿ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಾಕ್ಷ್ಯ ಅಧಿನಿಯಮದಲ್ಲಿಯೂ ಮುಂದುವರಿದಿದೆ. ಒಡಂಬಡಿಕೆಯ ಹದಿನೈದನೆಯ ವಿಧಿಗಿಂತ ಇದು ನೂರಿಪ್ಪತ್ತು ವರ್ಷ ಹಿರಿಯದು.

2010ನೆಯ ಇಸವಿ ಮೇ ತಿಂಗಳ 5ನೆಯ ತಾರೀಖು ಸರ್ವೋಚ್ಚ ನ್ಯಾಯಾಲಯವು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ, ಮದ್ದು ಕೊಟ್ಟು ಮಾತನಾಡಿಸುವ ಮಂಪರು ಪರೀಕ್ಷೆಯನ್ನೂ ಅಂಥ ಇನ್ನೆರಡು ಪರೀಕ್ಷೆಗಳನ್ನೂ ವ್ಯಕ್ತಿಯ ಇಚ್ಛೆಗೆ ವಿರುದ್ಧವಾಗಿ ನಡೆಸಕೂಡದೆಂದಿತು. ಅದು ಚಿತ್ರಹಿಂಸೆಯೇ ಎಂದು ಸ್ಥಾಪಿಸುವ ಗೊಡವೆಗೆ ನ್ಯಾಯಾಲಯ ಹೋಗಲಿಲ್ಲ. ಮನಸ್ಸಿನೊಳಗೆ ನುಗ್ಗುವುದು ಅಕ್ರಮ, ಕ್ರೂರ ಅಮಾನುಷ ಹೀನಾಯ ವರ್ತನೆಗೆ ಸಮ, ಅಷ್ಟು ಸಾಕು ಎಂದಿತು. ಏಣಿಯನ್ನೇ ಬದಿಗಿಟ್ಟು ಬರೆದ ಈ ತೀರ್ಪು 1978ರ ತೀರ್ಪಿಗಿಂತ ಒಳ್ಳೆಯ ವ್ಯಾಖ್ಯಾನವೆಂಬುದು ನಮ್ಮ ಅಭಿಪ್ರಾಯ.

ಅದರ ಮಾರನೆಯ ದಿನ, ಮೇ 6ರಂದು, ಲೋಕಸಭೆ ಚಿತ್ರಹಿಂಸೆ ನಿವಾರಣಾ ವಿಧೇಯಕವನ್ನು ಅಂಗೀಕರಿಸಿತು. ಅದರ ಲಕ್ಷಣದಂತೆ ಭಾರೀ ಗಾಯವೋ, ಪ್ರಾಣಕ್ಕೆ ಅಂಗಕ್ಕೆ ಆರೋಗ್ಯಕ್ಕೆ ಅಪಾಯವೋ ಆಗಿರಬೇಕು. ಉದ್ದೇಶವು ಮಾಹಿತಿ ಅಥವಾ ತಪ್ಪೊಪ್ಪಿಗೆ ಪಡೆಯುವುದಾಗಿರಬೇಕು. 1984ರ ವಾಕ್ಯದಲ್ಲಿದ್ದ ‘ತೀವ್ರ’ ಇಲ್ಲಿ ‘ಭಾರೀ ಗಾಯ’ವಾಗಿ ಗಟ್ಟಿಯಾಯಿತು, ಬೆದರಿಸುವುದು, ಬಲಾತ್ಕರಿಸುವುದು ಎಂಬ ಉದ್ದೇಶಗಳು ಲಕ್ಷಣದಿಂದ ಬಿದ್ದುಹೋದುವು. 1855ರ ರೈತ ಕಂದಾಯಕ್ಕಾಗಿ ಬೆರಳು ಹಿಸುಕಿಸಿಕೊಂಡು ಈ ವಿಧೇಯಕದ ಮುಂದೆ ಬಂದು ನಿಂತಿದ್ದರೆ ಅವನು ಲಕ್ಷಣದ ಹೊರಗೆ. ಅವ್ಯಾಪ್ತಿಗೆ ಇದಕ್ಕಿಂತ ಚೊಕ್ಕವಾದ ಉದಾಹರಣೆ ದೊರೆಯುವುದು ಕಷ್ಟ. ಆರು ತಿಂಗಳೊಳಗೆ ದೂರು ಕೊಡಬೇಕು, ಮೊಕದ್ದಮೆಗೆ ಸರಕಾರದ ಪೂರ್ವಾನುಮತಿ ಬೇಕು ಎಂಬ ಷರತ್ತುಗಳೂ ಇದ್ದುವು. ರಾಜ್ಯಸಭೆಯ ಪರಿಶೀಲನಾ ಸಮಿತಿ ಲಕ್ಷಣವನ್ನು ವಿಸ್ತರಿಸಲು ಸಲಹೆ ಮಾಡಿತು. ಆದರೆ 2014ರಲ್ಲಿ ಲೋಕಸಭೆ ವಿಸರ್ಜಿತವಾದಾಗ ವಿಧೇಯಕವೂ ಅಳಿಯಿತು. 2017ರ ಅಕ್ಟೋಬರ್‌ನಲ್ಲಿ ಕಾನೂನು ಆಯೋಗ ತನ್ನ 273ನೆಯ ವರದಿಯಲ್ಲಿ ಒಡಂಬಡಿಕೆಯನ್ನು ಸ್ಥಿರೀಕರಿಸಬೇಕೆಂದು ಹೇಳಿ ಹೊಸ ಕರಡನ್ನು ಜೊತೆಗಿಟ್ಟಿತು. ಕಾನೂನು ಮಾಡಬೇಕೆಂದು ಸಂಸತ್ತನ್ನು ಒತ್ತಾಯಿಸುವುದು ತನ್ನ ಕೆಲಸವಲ್ಲವೆಂದು 2019ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಅರ್ಜಿಯೊಂದನ್ನು ತಳ್ಳಿಹಾಕಿತು.

2010ರ ವಿಧೇಯಕವನ್ನು ವಿಮರ್ಶಿಸಿದವರೆಲ್ಲ ಅದರ ಲಕ್ಷಣದ ಸಂಕೋಚವನ್ನು ಎತ್ತಿತೋರಿಸಿದ್ದಾರೆ, ಅದು ಸರಿಯೇ. ಅದರ ಹೆಸರಿನಲ್ಲಿ ನಿವಾರಣೆ ಎಂಬ ಪದವಿದ್ದು ಒಳಗೆ ನಿವಾರಣೆಯ ಒಂದು ವಿಧಿಯೂ ಇರಲಿಲ್ಲವೆಂಬುದರ ಕಡೆಗೆ ಗಮನ ಹರಿದದ್ದು ಕಡಿಮೆ. ಎಲ್ಲವೂ ನೋವು ಆದ ಮೇಲಿನ ಮಾತು: ಲಕ್ಷಣ, ದಂಡನೆ, ಅವಧಿ, ಅನುಮತಿ. ಯಾರು, ಯಾವಾಗ, ಯಾವ ಠಾಣೆಯ ಒಳಗೆ ಹೋಗಿ ನೋಡಬಹುದೆಂಬ ಮಾತಿಲ್ಲ. ಆದರೆ ಸಂದರ್ಶಕನೆಂಬವನು ನಮ್ಮ ಕಾನೂನಿಗೆ ಅಪರಿಚಿತನಲ್ಲ. ಬ್ರಿಟಿಷರ ಕಾಲದ ಸೆರೆಮನೆಯ ಕೈಪಿಡಿಗಳಲ್ಲಿಯೇ ಸರಕಾರೇತರ ಸಂದರ್ಶಕರ ಪ್ರಸ್ತಾಪವಿದೆ. 1996ರ ಡಿ. ಕೆ. ಬಸು ಪ್ರಕರಣದಲ್ಲಿ ಬಂಧನಕ್ಕೆ ಹನ್ನೊಂದು ನಿಯಮಗಳನ್ನು ವಿಧಿಸಿದ್ದ ಸರ್ವೋಚ್ಚ ನ್ಯಾಯಾಲಯವು, ಅದೇ ಪ್ರಕರಣದ ಮುಂದುವರಿದ ವಿಚಾರಣೆಯಲ್ಲಿ 2015ರ ಜುಲೈ 24ರಂದು, ಸೆರೆಮನೆಗಳಿಗೂ ಪೋಲೀಸ್ ಠಾಣೆಗಳಿಗೂ ಸರಕಾರೇತರ ಸಂದರ್ಶಕರನ್ನು ನೇಮಿಸುವ ವಿಷಯವನ್ನು ರಾಜ್ಯ ಸರಕಾರಗಳು ಪರಿಶೀಲಿಸಬೇಕೆಂದಿತು. ನೇಮಿಸಬೇಕೆಂದು ಹೇಳಲಿಲ್ಲ, ಪರಿಶೀಲಿಸಬೇಕೆಂದು ಹೇಳಿತು. ಮುಂದಿನ ಕರಡನ್ನು ಬರೆಯುವವರು ಮೊದಲು ತಿದ್ದಬೇಕಾದ ಕ್ರಿಯಾಪದ ಅದು. ಲಕ್ಷಣದ ವಿಶೇಷಣಗಳನ್ನು ಆಮೇಲೆ ನೋಡಿಕೊಳ್ಳಬಹುದು.